ಕಸಿಯ ಬುಡದಲ್ಲಿ ಚಿಗುರಿದ್ದು ಹಿಪ್ಪಲಿಯಲ್ಲ

ಪ್ರಶ್ನೆ: ಹಿಪ್ಪಲಿಗೆ ಕಸಿ ಕಟ್ಟಿದ ಕಾಳುಮೆಣಸು ಬೇಸಿಗೆಯಲ್ಲಿ ಒಣಗಿತು. ಈಗ ಬುಡದಿಂದ ಹಿಪ್ಪಲಿ ಪೊದೆಯಾಗಿ ಎದ್ದಿದೆ, ನೀಳ ಎಲೆ. ಇದರ ಕಾಯಿ ಒಣಗಿಸಿ ಮಗಳ ಬಾಣಂತಿ ಲೇಹ್ಯಕ್ಕೆ ಹಾಕಬಹುದೇ?

ಬೇಡ. ಎಷ್ಟು ಸಲ ಬರೆದರೂ ಈ ಪ್ರಶ್ನೆ ನಿಲ್ಲುತ್ತಿಲ್ಲ. ನಿಮ್ಮಲ್ಲಿರುವುದು ಹಿಪ್ಪಲಿಯೇ ಅಲ್ಲ. ನರ್ಸರಿಯವರು ಕಸಿಗೆ ಬಳಸುವುದು ಪೈಪರ್ ಕೊಲುಬ್ರಿನಮ್, ದಕ್ಷಿಣ ಅಮೆರಿಕದ ಜೌಗು ನೆಲದ ಗಿಡ. ಸೊರಗು ರೋಗ ತರುವ ಫೈಟಾಫ್ತೊರಾಕ್ಕೆ ಅದರ ಬೇರು ಜಗ್ಗುವುದಿಲ್ಲ, ಅದಕ್ಕೇ ತಂದದ್ದು, ಮದ್ದಿಗಲ್ಲ. ಜೌಗಿನ ಗಿಡಕ್ಕೆ ಬೇಸಿಗೆಯಲ್ಲೂ ನೀರು ಬೇಕು. ಒಣ ಗುಡ್ಡದಲ್ಲಿ ನೆಟ್ಟು ಕಸಿಯನ್ನು ಬೈದರೆ ಏನು ಬಂತು?

ನಮ್ಮ ಹಿಪ್ಪಲಿ, ಪೈಪರ್ ಲಾಂಗಮ್, ಪಶ್ಚಿಮ ಘಟ್ಟದಲ್ಲೂ ಅಸ್ಸಾಮಿನ ಕಾಡಿನಲ್ಲೂ ತಾನಾಗಿ ಬೆಳೆಯುವ ಸಪೂರ ಬಳ್ಳಿ. ನೆರಳಲ್ಲಿ ನೆಲದ ಮೇಲೆ ಹರಿದು ಗೆಣ್ಣುಗೆಣ್ಣಿಗೆ ಬೇರು ಬಿಡುತ್ತದೆ. ಕೆಳಗಿನ ಎಲೆ ಹೃದಯದಾಕಾರ, ಉದ್ದ ತೊಟ್ಟು. ಕಾಯಿ ಬಿಡುವ ರೆಂಬೆಯ ಎಲೆಗೆ ತೊಟ್ಟೇ ಇರುವುದಿಲ್ಲ, ಕಾಂಡಕ್ಕೆ ಅಪ್ಪಿಕೊಂಡಿರುತ್ತದೆ. ಗುರುತಿಗೆ ಇದೊಂದೇ ಸಾಕು. ಕಾಯಿ ಗಿಡ್ಡ, ನೆಟ್ಟಗೆ ನಿಲ್ಲುತ್ತದೆ, ಮೆಣಸಿನ ಹಾಗೆ ಜೋಲುವುದಿಲ್ಲ. ಪೊದೆ, ನೀಳ ಎಲೆ ಎಂದು ನೀವೇ ಬರೆದಿದ್ದೀರಲ್ಲ!

ಆ ಕಾಯಿ ವಿಷ ಎನ್ನುತ್ತಿಲ್ಲ. ಆದರೆ ಮಗುವಿಗೆ ಹಾಲೂಡಿಸುವವಳ ಮೇಲೆ ಪರೀಕ್ಷೆ ಮಾಡಲು ನಾನಂತೂ ಒಪ್ಪುವುದಿಲ್ಲ. ಲೇಹ್ಯಕ್ಕೆ ಬೇಕಾದಷ್ಟು ಹಿಪ್ಪಲಿ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಉಳಿದ ಕಸಿಗಳಲ್ಲಾದರೂ ಬೆಸುಗೆಯ ಕೆಳಗಿನ ಚಿಗುರನ್ನು ಕಂಡಕಂಡಾಗ ಚಿವುಟಿ.

ಪ್ರಶ್ನೆ: ಅಸಲಿ ಹಿಪ್ಪಲಿಯೇ ಹಬ್ಬಿದೆ, ಹೂತೆನೆ ಬರುತ್ತದೆ, ಕಾಯಿ ಕಟ್ಟುವುದಿಲ್ಲ. ಯಾವ ಗೊಬ್ಬರ ಹಾಕಲಿ?

ತೆನೆ ಸಪೂರವಾಗಿ ಉದ್ದಕ್ಕಿದ್ದರೆ ಅದು ಗಂಡುಬಳ್ಳಿ. ಗೊಬ್ಬರ ಸುರಿದರೆ ಹೆಣ್ಣಾಗುವುದಿಲ್ಲ. ಕಾಯಿ ಬಿಡುವ ಬಳ್ಳಿಯ ತುಂಡು ತಂದು ನೆಡಿ.

ಪ್ರಶ್ನೆ: ಹಿಪ್ಪಲಿ ಪುಡಿಯಿಂದ ಸಕ್ಕರೆ ಕಾಯಿಲೆ ಬುಡಸಮೇತ ಹೋಗುತ್ತದೆಂದು ವಿಡಿಯೊ ನೋಡಿದೆ. ನಿಜವೇ?

ಸುಳ್ಳು. ಇಂಥ ವಿಡಿಯೊದ ಕೊನೆಯಲ್ಲಿ ಯಾವ ಪುಡಿ ಮಾರುತ್ತಾರೆಂದೂ ನೋಡಿ.

ಪ್ರಶ್ನೆ: ಕೆಮ್ಮಿಲ್ಲದಿದ್ದರೂ ದಿನಾ ಜೇನಿನಲ್ಲಿ ತಿನ್ನಬಹುದೇ?

ಯಾಕೆ ತಿನ್ನಬೇಕು? ‘ಹಳೇ ಮದ್ದು, ತೊಂದರೆಯಿಲ್ಲ’ ಎನ್ನುವ ನಾಟಿ ಪಂಡಿತರು ಚರಕಸಂಹಿತೆ ಬಿಚ್ಚಿದಂತಿಲ್ಲ. ಹಿಪ್ಪಲಿ, ಕ್ಷಾರ, ಉಪ್ಪು ಈ ಮೂರನ್ನು ಅತಿಯಾಗಿ ಬಳಸಬಾರದೆಂದು ಅದರ ವಿಮಾನಸ್ಥಾನವೆಂಬ ಭಾಗದ ಮೊದಲ ಅಧ್ಯಾಯದಲ್ಲೇ ಇದೆ. ಸಾಲದ್ದಕ್ಕೆ ಹಿಪ್ಪಲಿಯಲ್ಲಿರುವ ಪೈಪರಿನ್ ಎಂಬ ಖಾರದ ಅಂಶವು ಮೂರ್ಛೆರೋಗದ ಫೆನಿಟಾಯಿನ್, ಉಬ್ಬಸದ ಥಿಯೊಫಿಲಿನ್‌ನಂಥ ಔಷಧಗಳ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ಅಂಥ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಚಿಟಿಕೆ ಪುಡಿಯನ್ನೂ ಶುರುಮಾಡಬೇಡಿ. ಸಾರಿನ ಪುಡಿಗೆ ಒಂದೆರಡು ಬಿದ್ದರೆ ಅಡ್ಡಿಯಿಲ್ಲ.