ಅತ್ತಿ ಮರ ಕಡಿದು ಸಿಲ್ವರ್ ಹಾಕೋಣ ಅಂತಾನೆ ಮಗ, ಏನು ಮಾಡಲಿ?

ಪ್ರಶ್ನೆ: ಮೂಡಿಗೆರೆ ಕಡೆ ನಮ್ಮದು ಹನ್ನೆರಡು ಎಕರೆ ಕಾಫಿ ತೋಟ. ಜಾಸ್ತಿ ರೋಬಸ್ಟಾ. ನೆರಳಿಗೆ ಅತ್ತಿ, ಗೋಣಿ, ನೇರಳೆ, ಮತ್ತಿ ಅಂತ ಅಪ್ಪನ ಕಾಲದ ಮರಗಳಿವೆ. ಗೋಣಿ ಮರದಲ್ಲಿ ವರ್ಷವೂ ಹೆಜ್ಜೇನು ಕಟ್ಟುತ್ತದೆ. ಇವನ್ನೆಲ್ಲ ತೆಗೆದು ಸಿಲ್ವರ್ ಓಕ್ ಮರ ಹಾಕೋಣ, ಮೆಣಸು ಹಬ್ಬಿಸೋಣ ಅಂತ ಮಗ ಹಟ ಹಿಡಿದಿದ್ದಾನೆ. ಜೀವವೈವಿಧ್ಯ ಉಳಿಸಿ ಅಂತ ಎಲ್ಲರೂ ಭಾಷಣ ಮಾಡುತ್ತಾರೆ. ಅದರಿಂದ ಹೊಟ್ಟೆ ತುಂಬುತ್ತಾ ಸರ್?

ಉತ್ತರ: ನಿಮ್ಮ ವಿಷಯದಲ್ಲಂತೂ ತುಂಬುತ್ತದೆ. ರೋಬಸ್ಟಾ ಅಂದಿರಲ್ಲ, ಗುಟ್ಟು ಅಲ್ಲೇ ಇದೆ.

ಕಾಫಿಯ ಇನ್ನೊಂದು ಜಾತಿ ಅರೇಬಿಕಾ, ಅದರ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ರೋಬಸ್ಟಾ ಹಾಗಲ್ಲ, ಬೇರೆ ಗಿಡದ ಪರಾಗ ಬರಲೇಬೇಕು. ಒಂದು ಪಾಲನ್ನು ಗಾಳಿ ತರುತ್ತದೆ, ಇನ್ನೊಂದು ಪಾಲು ಜೇನಿನ ಕೆಲಸ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಎರಡು ಮೂರು ದಿನದಲ್ಲಿ ಹೂವು ಕಂದಿಹೋಗುತ್ತದೆ. ವರ್ಷದ ಫಸಲು ಆ ಎರಡು ಮೂರು ದಿನಗಳ ಕೈಲಿದೆ.

ಈ ಸಲ ಹೂವು ಅರಳಿದಾಗ ಮಗನನ್ನು ಬೆಳಿಗ್ಗೆ ಬೇಗ ತೋಟಕ್ಕೆ ಕರೆದುಕೊಂಡು ಹೋಗಿ. ಮಾತಾಡದೆ ಸುಮ್ನೆ ನಿಲ್ಲಿ. ಎಲ್ಲೋ ದೂರದಲ್ಲಿ ಪಂಪ್‌ಸೆಟ್ ಓಡುತ್ತಿರುವ ಹಾಗೆ ಗುಂಯ್ ಅಂತ ಸದ್ದು ಕೇಳುತ್ತದೆ. ಹೆಜ್ಜೇನು ಒಂದು ಗೊಂಚಲಿಗೆ ಇಳಿಯುತ್ತದೆ, ಮೈಯೆಲ್ಲ ಪುಡಿ ಮಾಡಿಕೊಂಡು ಪಕ್ಕದ ಗಿಡಕ್ಕೆ ಹಾರುತ್ತದೆ. ಇದಕ್ಕೆ ಆಳು ಇಟ್ಟು ಕೂಲಿ ಕೊಡಬೇಕಾಗಿದ್ದರೆ ಏನಾಗುತ್ತಿತ್ತು, ಅವನೇ ಲೆಕ್ಕ ಹಾಕಲಿ.

ಪೆಟ್ಟಿಗೆ ಜೇನು ತಂದಿಟ್ಟರಾಯಿತು ಅಂತ ಅವನು ಹೇಳಬಹುದು. ಇಡಿ, ಒಳ್ಳೆಯದೇ. ಆದರೆ 1990ರ ದಶಕದ ಶುರುವಿನಲ್ಲಿ ಏನಾಯಿತು ಅಂತ ನಿಮಗೆ ನೆನಪಿರಬೇಕು. ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ಬಂದು ದಕ್ಷಿಣ ಭಾರತದ ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಾಡಜೇನಿನ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದವು. ಒಂದೇ ಜೇನನ್ನು ನಂಬಿದರೆ ಒಂದೇ ರೋಗ ಸಾಕು. ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿ ಎಲ್ಲ ಇದ್ದರೆ ಒಂದು ಕೈಕೊಟ್ಟರೂ ಇನ್ನೊಂದು ಬರುತ್ತದೆ.

ಅದರಲ್ಲೂ ಹೆಜ್ಜೇನು ಪೆಟ್ಟಿಗೆಗೆ ಬಗ್ಗುವ ಜಾತಿಯಲ್ಲ. ತೋಟದಲ್ಲಿ ಅದಕ್ಕೆ ಎತ್ತರದ ಮರ ಬೇಕು. ಕಾಫಿ ಹೂವು ಮೂರು ದಿನದ ಊಟ, ಉಳಿದ ದಿನಗಳಿಗೆ ನೇರಳೆ, ಮತ್ತಿಯಂಥ ಮರಗಳು ಒಂದಾದ ಮೇಲೊಂದು ಹೂ ಬಿಡುತ್ತಿರಬೇಕು. ಸಿಲ್ವರ್ ಮೇಲೆ ನನಗೇನೂ ಸಿಟ್ಟಿಲ್ಲ. ಬೇಗ ಬೆಳೆಯುತ್ತದೆ, ಮೆಣಸಿಗೆ ನೆಟ್ಟಗಿನ ಆಸರೆ, ಅದೂ ಹೂ ಬಿಡುತ್ತದೆ. ಮರ ಇಲ್ಲದ ಜಾಗದಲ್ಲಿ, ಬೇಲಿಯಂಚಿಗೆ ಹಾಕಲಿ. ಇರುವ ಮರಕ್ಕೂ ಮೆಣಸು ಹಬ್ಬುತ್ತದೆ ಅಲ್ವಾ?

ಇನ್ನೊಂದು ಹಳೆಯ ಕಥೆ ಅವನ ಕಿವಿಗೆ ಹಾಕಿ. 1869ರಲ್ಲಿ ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ ಕಾಫಿಗೆ ಎಲೆ ತುಕ್ಕು ರೋಗ ಬಂತು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅಲ್ಲಿನವರು ಕಾಫಿ ಬಿಟ್ಟು ಟೀ ಹಿಡಿದಿದ್ದರು. ನಮ್ಮಲ್ಲಿಗೂ ಆ ರೋಗ ಬಂತು, ಆದರೆ ಕಾಫಿ ಉಳಿಯಿತು. ಅದರಲ್ಲಿ ಬಾಳೆಹೊನ್ನೂರು ಸಂಶೋಧನಾ ಕೇಂದ್ರದ ಎಸ್.795 ತಳಿಯ ಪಾಲು ದೊಡ್ಡದು. ತುಕ್ಕು ತಡೆಯುವ ಗುಣ ಅದಕ್ಕೆ ಬಂದದ್ದು ಲೈಬೀರಿಕಾ ಅನ್ನುವ ಆಫ್ರಿಕಾದ ಬೇರೆ ಜಾತಿಯ ಕಾಫಿಯಿಂದ. ಲೈಬೀರಿಕಾ ಕುಡಿಯಲು ಅಷ್ಟೇನೂ ರುಚಿಯಿಲ್ಲ, ಕೆಲಸಕ್ಕೆ ಬಾರದ ಗಿಡ ಅಂತ ಯಾರು ಬೇಕಾದರೂ ಕಿತ್ತು ಹಾಕಬಹುದಿತ್ತು! ಈಗ ಎಸ್.795ರ ಶಕ್ತಿಯೂ ಕುಂದುತ್ತಿದೆ, ಮತ್ತೆ ಕಾಡು ಕಾಫಿಗಳ ಮನೆ ಬಾಗಿಲು ತಟ್ಟಬೇಕು. 2019ರಲ್ಲಿ ಬಂದ ಅಧ್ಯಯನದ ಪ್ರಕಾರ ಜಗತ್ತಿನ 124 ಕಾಫಿ ಜಾತಿಗಳಲ್ಲಿ ಶೇ 60ರಷ್ಟು ಅಳಿವಿನ ಅಂಚಿನಲ್ಲಿವೆ.

ಸದ್ಯಕ್ಕೆ ಇಷ್ಟು ಮಾಡಿ. ಗೋಣಿ ಮರ ಮುಟ್ಟಬೇಡಿ. ಹೂವಿರುವಾಗ ಔಷಧಿ ಹೊಡೆಸಬೇಡಿ. ಕೆಲಸದವರಿಗೆ ಹೆಜ್ಜೇನಿನ ಭಯ ಇರುವುದು ನಿಜ, ಆ ಮರದ ಸುತ್ತಲಿನ ಮರಗಸಿಯನ್ನು, ಅಂದರೆ ನೆರಳಿನ ಕೊಂಬೆ ಸವರುವುದನ್ನು, ಜೇನು ಎದ್ದು ಹೋದ ಮೇಲೆ ಮಾಡಿಸಿ.

ಪ್ರಶ್ನೆ: ನಾನು ಬೆಂಗಳೂರಿನವಳು. ತೋಟ ಇಲ್ಲ, ಗದ್ದೆ ಇಲ್ಲ. ಎಲ್ಲೋ ಒಂದು ಹಕ್ಕಿ ಕಾಣೆಯಾದರೆ ನನಗೇನು ನಷ್ಟ?

ಉತ್ತರ: ರಣಹದ್ದು ಕಾಣೆಯಾದಾಗಲೂ ಎಲ್ಲರೂ ಹೀಗೇ ಅಂದುಕೊಂಡಿದ್ದರು ತಾಯಿ. 1990ರ ದಶಕದಲ್ಲಿ ಅವು ಗುಂಪುಗುಂಪಾಗಿ ಸತ್ತವು. ದನಗಳಿಗೆ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಕಾರಣ ಅಂತ ಗೊತ್ತಾಗಲು 2004 ಬರಬೇಕಾಯಿತು. ಆ ಮದ್ದು ಸೇರಿದ ಹೆಣ ತಿಂದರೆ ರಣಹದ್ದಿನ ಕಿಡ್ನಿ ನಿಲ್ಲುತ್ತದೆ. ಹೆಣ ತಿನ್ನುವವರಿಲ್ಲದೆ ಊರಾಚೆ ಕೊಳೆತ ಜಾನುವಾರು ರಾಶಿ ಬಿತ್ತು, ನೀರು ಕೆಟ್ಟಿತು, ಬೀದಿನಾಯಿ ಜಾಸ್ತಿಯಾದವು. 2000ರಿಂದ 2005ರವರೆಗೆ ಇದರಿಂದ ಸುಮಾರು 5 ಲಕ್ಷ ಜನ ಹೆಚ್ಚುವರಿಯಾಗಿ ಸತ್ತರು ಅಂತ 2024ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಅದರಲ್ಲಿ ಪೇಟೆಯವರೂ ಇದ್ದರು.

ದನಕ್ಕೆ ಆ ಮದ್ದನ್ನು 2006ರಲ್ಲಿ ನಿಷೇಧಿಸಿದರು. ನಿಮ್ಮ ಮನೆಯಿಂದ ಒಂದೂವರೆ ಗಂಟೆ ದೂರದ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಮಾಡಿದರು. ಅಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಊರಲ್ಲಿ ದನ ಸಾಕಿದ ನೆಂಟರಿದ್ದರೆ ಒಂದು ಮಾತು ಹೇಳಿ: ನೋವಿಗೆ ಸೂಜಿ ಹಾಕುವಾಗ ಮೆಲಾಕ್ಸಿಕ್ಯಾಮ್ ಹಾಕಿ ಅಂತ ಡಾಕ್ಟರನ್ನು ಕೇಳಲಿ. ಅದು ರಣಹದ್ದಿಗೆ ವಿಷವಲ್ಲ.