ಶ್ರುತಿ ತಪ್ಪಿದರೂ ನೀವೇ ಹಾಡಿ

ಪ್ರಶ್ನೆ: ನನ್ನ ಮಗಳಿಗೆ ಐದು ತಿಂಗಳು. ನನಗೆ ಹಾಡಲು ಬರುವುದಿಲ್ಲ, ಹಾಗಾಗಿ ಮಲಗಿಸುವಾಗ ಮೊಬೈಲಿನಲ್ಲಿ ಜೋಗುಳದ ವಿಡಿಯೋ ಹಾಕುತ್ತೇನೆ. ಅತ್ತೆ ತುಳುವಿನಲ್ಲಿ ಪಾಡ್ದನ (ಕತೆ ಹೇಳುವ ಜನಪದ ಹಾಡು) ಹೇಳುತ್ತಾರೆ, ನನ್ನದು ಕನ್ನಡ. ಮಗುವಿಗೆ ಗೊಂದಲ ಆಗುತ್ತದಾ?
– ಹೆಸರು ಬೇಡ, ಕಾಪು

ಉತ್ತರ: ಮೊದಲು ಆ ವಿಡಿಯೋ ನಿಲ್ಲಿಸಿ. ಒಂದು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಯಾವಾಗಲಾದರೂ ಬರೀ ಹಾಡು ಕೇಳಿಸಿದರೆ ತೊಂದರೆಯಿಲ್ಲ, ಸಣ್ಣ ದನಿಯಲ್ಲಿ.

ನಿಮ್ಮ ಶ್ರುತಿ ಮಗುವಿಗೆ ಲೆಕ್ಕಕ್ಕೇ ಇಲ್ಲ. ಹೊಟ್ಟೆಯಲ್ಲಿದ್ದಾಗಲೇ, ಕೊನೆಯ ಮೂರು ತಿಂಗಳು, ಅದು ಕೇಳಿಸಿಕೊಂಡದ್ದು ನಿಮ್ಮ ದನಿಯನ್ನೇ ಅಲ್ವಾ? ಹಾಗಾಗಿ ಎಣ್ಣೆ ಹಚ್ಚಿ ಮೀಯಿಸುವಾಗ, ಬಟ್ಟೆ ಬದಲಿಸುವಾಗ ಮುಖ ಹತ್ತಿರ ತಂದು ಒಂದೇ ಸಾಲು ನಿಧಾನವಾಗಿ ಹಾಡಿ, ನಡುವೆ ಅವಳ ಹೆಸರು ಸೇರಿಸಿ, ಆಮೇಲೆ ಸುಮ್ನೆ ಕಾಯಿರಿ. ಅವಳು ಕಾಲು ಬಡಿಯುತ್ತಾಳೆ, 'ಊಂ' ಅನ್ನುತ್ತಾಳೆ. ಅದೇ ಅವಳ ಸರದಿ. ಮೊಬೈಲ್ ಹೀಗೆ ಕಾಯುವುದಿಲ್ಲ, ನನ್ನ ತಕರಾರು ಅದೇ. ಮಲಗಿಸುವ ಹೊತ್ತಿಗೆ ದಿನಾ ಒಂದೇ ಹಾಡು ಇರಲಿ. ಕೆಲವು ವಾರ ಕಳೆದರೆ ಆ ಹಾಡು ಶುರುವಾದರೆ ನಿದ್ದೆಯ ಹೊತ್ತು ಅಂತ ಅವಳಿಗೇ ತಿಳಿಯುತ್ತದೆ. ಅಪ್ಪನೂ ಹಾಡಲಿ.

ಭಾಷೆಯ ಚಿಂತೆ ಬಿಡಿ. ಕೆನಡಾದ ಮಾಂಟ್ರಿಯಲ್‌ನಲ್ಲಿ ಶಿಶುಗಳಿಗೆ ಗೊತ್ತೇ ಇಲ್ಲದ ಟರ್ಕಿ ಭಾಷೆಯ ಹಾಡು ಕೇಳಿಸಿ ನೋಡಿದ್ದಾರೆ. ಹಾಡಿಗೆ ಸುಮಾರು 9 ನಿಮಿಷ ಅಳದೆ ಇದ್ದವು, ಬರೀ ಮಾತಿಗೆ ಅದರ ಅರ್ಧದಷ್ಟು ಮಾತ್ರ. ಅರ್ಥ ಗೊತ್ತಿಲ್ಲದ ಹಾಡೇ ಇಷ್ಟು ಹಿಡಿದಿಟ್ಟರೆ, ಅಜ್ಜಿಯ ಮಡಿಲಲ್ಲಿ ಕೇಳುವ ತುಳುವಿನಿಂದ ಎಂಥ ಗೊಂದಲ? ನೇಜಿ (ಭತ್ತದ ಸಸಿ) ನೆಡುವ ಗದ್ದೆಯಲ್ಲಿ ಒಬ್ಬರು ಹೇಳಿ ಉಳಿದವರು ದನಿಗೂಡಿಸುತ್ತಿದ್ದ ಪಾಡ್ದನ ಈಗ ಅಲ್ಲಿ ಕೇಳುವುದೇ ಅಪರೂಪ. ಅತ್ತೆಯವರ ಹತ್ತಿರ ನೀವೂ ನಾಲ್ಕು ಸಾಲು ಕಲಿಯಿರಿ. ಮಗು ಎರಡೂ ಭಾಷೆ ಕಲಿಯುತ್ತದೆ, ನಮ್ಮ ಕಡೆ ಮಕ್ಕಳು ಬೆಳೆಯುವುದೇ ಹಾಗೆ.

ಎಚ್ಚರ ಬೇಕಾದದ್ದು ಜಾಸ್ತಿ ಸದ್ದಿನ ಬಗ್ಗೆ. ಯಕ್ಷಗಾನದ ಆಟಕ್ಕೆ ಕರೆದುಕೊಂಡು ಹೋದರೆ ಚೆಂಡೆ, ಮೈಕ್ ಎರಡರಿಂದಲೂ ದೂರ ಕೂರಿ. ಮತ್ತೆ, ಆರು ತಿಂಗಳಾದರೂ ನಿಮ್ಮ ದನಿ ಬಂದ ಕಡೆ ತಿರುಗದಿದ್ದರೆ, ಅಥವಾ ದೊಡ್ಡ ಸದ್ದಿಗೆ ಬೆಚ್ಚದಿದ್ದರೆ, ಮಕ್ಕಳ ಡಾಕ್ಟರಿಗೆ ಹೇಳಿ ಕಿವಿ ಪರೀಕ್ಷೆ ಮಾಡಿಸಿ.