ಹುಡುಗ ನಂಬಿ ಹೇಳಿದ್ದಾನೆ, ಮನೆಯವರಿಗೆ ತಿಳಿಸಬೇಕಾ?

ಪ್ರಶ್ನೆ: ಮೂಡಿಗೆರೆ ಹತ್ತಿರದ ಊರಲ್ಲಿ ಸಂಜೆ ಹುಡುಗರಿಗೆ ವಾಲಿಬಾಲ್ ಹೇಳಿಕೊಡುತ್ತೇನೆ. ಮೊನ್ನೆ ಎಲ್ಲರೂ ಹೋದ ಮೇಲೆ ಒಬ್ಬ ಹುಡುಗ ನೆಟ್ ಸುತ್ತುತ್ತಾ ಉಳಿದ. 16 ವರ್ಷ, ಫಸ್ಟ್ ಪಿಯುಸಿ. ಸುತ್ತಿದ ನೆಟ್ಟನ್ನೇ ಬಿಚ್ಚಿ ಮತ್ತೆ ಸುತ್ತಿದ. ಆಮೇಲೆ, 'ಸರ್, ಎರಡು ತಿಂಗಳಿಂದ ಗಾಂಜಾ ಸೇದ್ತಿದೀನಿ, ಮನೇಲಿ ಹೇಳ್ಬೇಡಿ' ಅಂದ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟುಬಿಟ್ಟೆ. ಅವನಪ್ಪ ಮುಂಗೋಪಿ. ಟೀಮಿನಿಂದ ತೆಗೆದುಬಿಡೋಣ ಅಂತಲೂ ಅನಿಸುತ್ತಿದೆ. ಏನು ಮಾಡಲಿ?

ಉತ್ತರ: ಟೀಮಿನಿಂದ ಮಾತ್ರ ತೆಗೆಯಬೇಡಿ. ಸಂಜೆ ಅವನು ಎಲ್ಲಿರುತ್ತಾನೆ ಅಂತ ಈಗ ನಿಮಗೆ ಗೊತ್ತು. ತೆಗೆದರೆ ಆ ಹೊತ್ತು ಯಾರ ಪಾಲಾಗುತ್ತದೆ ಅಂತ ಯೋಚಿಸಿ. ಉಳಿದ ಹುಡುಗರೂ ಸರ್ ಹತ್ತಿರ ನಿಜ ಹೇಳಬಾರದು ಅಂತ ಕಲಿಯುತ್ತಾರೆ, ಅಲ್ವಾ?

ನೀವು ಕೊಟ್ಟ ಮಾತು ಕೊಡಬಾರದ್ದು. ಆ ಗಳಿಗೆಯಲ್ಲಿ ಯಾರಾದರೂ ಕೊಟ್ಟುಬಿಡುತ್ತಾರೆ ಬಿಡಿ. ಆದರೆ ಅವನಿಗೆ ಗೊತ್ತಿಲ್ಲದಂತೆ ಅದನ್ನು ಮುರಿಯಬೇಡಿ. 'ಅವಸರದಲ್ಲಿ ಹಾಗಂದೆ ಕಣೋ. ಊರಿಗೆಲ್ಲ ಹೇಳಲ್ಲ. ಆದ್ರೆ ನಿನ್ನ ಜೀವಕ್ಕೆ ಅಪಾಯ ಅನಿಸಿದ್ರೆ ಸುಮ್ನಿರೋಕಾಗಲ್ಲ, ಮೊದಲು ನಿಂಗೇ ತಿಳಿಸ್ತೀನಿ' ಅನ್ನಿ. ಎದುರಿಗೆ ಕುರ್ಚಿ ಹಾಕಿ ವಿಚಾರಣೆ ಬೇಡ. ನೆಟ್ ಸುತ್ತುತ್ತಾ ಬಾಯಿಬಿಟ್ಟ ಹುಡುಗ ನೆಟ್ ಕಟ್ಟುತ್ತಾ ಇನ್ನೂ ಸ್ವಲ್ಪ ಹೇಳುತ್ತಾನೆ.

'ಯಾರು ತಂದುಕೊಟ್ಟಿದ್ದು?' ಅಂತ ಶುರು ಮಾಡಿದರೆ ನೀವು ಪೊಲೀಸ್ ಆಗಿಬಿಡುತ್ತೀರಿ. ಮಕ್ಕಳಿಗೆ ಮಾದಕವಸ್ತು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಜೈಲಿದೆ, ಆ ಮಾತು ಆಮೇಲಿರಲಿ. ಮೊದಲು ಕೇಳಬೇಕಾದ್ದು: ಎಷ್ಟು ದಿನಕ್ಕೊಮ್ಮೆ? ಒಬ್ಬನೇನಾ? ಸೇದಿದಾಗ ಏನನ್ನಿಸುತ್ತೆ? 'ನಿದ್ದೆ ಬರುತ್ತೆ ಸರ್' ಅಂದರೆ ನಿದ್ದೆ ಯಾಕೆ ಕೆಟ್ಟಿದೆ ಅಂತ ಹುಡುಕಬೇಕು. ಅಸಲಿ ವಿಷಯ ಅಲ್ಲಿರುತ್ತದೆ.

ಕೆಲವಕ್ಕೆ ಕಾಯುವ ಹಾಗಿಲ್ಲ. ಸಾಯುವ ಮಾತು, ಇಲ್ಲದ ದನಿ ಕೇಳುವುದು, ವಿಪರೀತ ಅನುಮಾನ, ಸಿರಿಂಜ್, ಪಂಕ್ಚರ್ ಸಲ್ಯೂಷನ್ ಅಥವಾ ವೈಟ್ನರ್ ಮೂಸುವುದು ಕಂಡರೆ ಅವತ್ತೇ ಆಸ್ಪತ್ರೆಗೆ. ಮೂಸುವುದರಲ್ಲಿ ಮೊದಲ ಸಲವೇ ಹೃದಯ ನಿಲ್ಲಬಹುದು.

ಹಾಗೇನೂ ಇಲ್ಲದಿದ್ದರೂ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಾಗಲೇಬೇಕು, ಈ ವಯಸ್ಸಿನವನ ಚಿಕಿತ್ಸೆಗೆ ಹಿರಿಯರ ಒಪ್ಪಿಗೆ ಬೇಕು. ಅಪ್ಪನಿಗೇ ಮೊದಲು ಹೇಳಬೇಕು ಅಂತೇನಿಲ್ಲ. ಅಮ್ಮನೋ ಅಜ್ಜಿಯೋ, ಆರಿಸುವುದು ಅವನಿಗೇ ಬಿಡಿ. ಹೇಳುವಾಗ ಪಕ್ಕದಲ್ಲಿರಿ.

ಎರಡು ತಿಂಗಳು ಸೇದಿದವರೆಲ್ಲ ವ್ಯಸನಿಗಳಲ್ಲ. ಕೂಡಿಹಾಕುವ ಕೇಂದ್ರಗಳಿಗೆ ಓಡಬೇಡಿ. ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. ಅದಕ್ಕೂ ಮೊದಲು ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಇದೆ, ದಿನವಿಡೀ ಕನ್ನಡದಲ್ಲೇ ಮಾತಾಡಬಹುದು. ಮಾದಕವ್ಯಸನಕ್ಕೇ ಇರುವ ನಂಬರ್ 14446. ನೀವೇ ಮೊದಲು ಕರೆ ಮಾಡಿ ಕೇಳಿದರೂ ಆಗುತ್ತದೆ.

ಬಿಟ್ಟ ಮೇಲೆ ಒಂದೆರಡು ವಾರ ಸಿಡುಕಬಹುದು, ಊಟ ಸೇರದಿರಬಹುದು, ನಿದ್ದೆ ಕೆಡಬಹುದು. ಆಗ ಪಾಸ್ ತಪ್ಪಿತು ಅಂತ ಎಲ್ಲರೆದುರು ಗದರಬೇಡಿ. ಮಳೆ ಹಿಡಿದು ಆಟ ನಿಂತರೂ ವಾರಕ್ಕೊಂದು ಫೋನ್ ಮಾಡಿ.